ಮಿತಿ ಹಾಕಿದ ಜೂಜು ಮತ್ತು ಪರಿಮಾಣವ್ರತ

ದ್ಯೂತವು ಸಪ್ತವ್ಯಸನಗಳಲ್ಲಿ ಮೊದಲನೆಯದೆಂಬುದನ್ನು ನಮ್ಮ ಮನೆಗಳ ಮಕ್ಕಳಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಪಾಠಶಾಲೆಯಲ್ಲಿ ವ್ಯಸನಗಳ ಹೆಸರನ್ನು ಒಪ್ಪಿಸುವಾಗ ಅದೇ ಮೊದಲು ಬಾಯಿಗೆ ಬರುತ್ತದೆ. ಅದರ ಬೆನ್ನಿಗೇ ಧರ್ಮರಾಜನ ಹೆಸರೂ ಬರುತ್ತದೆ. ಆದರೆ ವಿದೇಶಗಳಲ್ಲಿ ಓದುತ್ತಲೋ ದುಡಿಯುತ್ತಲೋ ಇರುವ ವಿದ್ಯಾವಂತ ತರುಣರು ಇದಕ್ಕೆ ಪ್ರತಿಯಾಗಿ ಒಂದು ವಾದವನ್ನು ಮುಂದಿಡುವುದುಂಟು. ಅದು ಕುಚೋದ್ಯದ ವಾದವಲ್ಲ, ತಾಳ್ಮೆಯಿಂದ ಕೇಳತಕ್ಕದ್ದು. ಅವರ ಮಾತಿನ ತಾತ್ಪರ್ಯ ಇಷ್ಟು: ‘ಧರ್ಮರಾಜನು ಕೆಟ್ಟದ್ದು ಆಡಿದ್ದರಿಂದಲ್ಲ, ಮಿತಿಯಿಲ್ಲದೆ ಆಡಿದ್ದರಿಂದ. ಕೋಶವನ್ನು ಒಡ್ಡಿದ, ರಾಜ್ಯವನ್ನು ಒಡ್ಡಿದ, ತಮ್ಮಂದಿರನ್ನೂ ತನ್ನನ್ನೂ ಕೊನೆಗೆ ದ್ರೌಪದಿಯನ್ನೂ ಒಡ್ಡಿದ. ನಾವು ಆನ್‌ಲೈನ್ ಪೋಕರ್‌ನ ಅತಿ ಚಿಕ್ಕ ಪಣದ ಮೇಜಿನಲ್ಲಿ ಕೂರುತ್ತೇವೆ. ಮನೆಖರ್ಚಿನಿಂದ ಬೇರೆಯಾಗಿಟ್ಟ ಹಣದಲ್ಲಿ ಮಾತ್ರ ಆಡುತ್ತೇವೆ. ಅದರಲ್ಲಿಯೂ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚನ್ನು ಒಮ್ಮೆಗೆ ಮುಂದಿಡುವುದಿಲ್ಲ. ಶ್ರಾವಕನ ಪರಿಗ್ರಹಪರಿಮಾಣವೂ ಮಿತಿ, ನಮ್ಮದೂ ಮಿತಿ. ಭೇದವೆಲ್ಲಿದೆ?’

ಜೂಜು ಪಾಪವೆಂದು ಗದರಿಸಿದ ಮಾತ್ರಕ್ಕೆ ಈ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಅವರು ಮಿತಿಯ ಮಾತನ್ನು ಎತ್ತಿರುವುದರಿಂದ ಮಿತಿಯನ್ನೇ ಪರೀಕ್ಷಿಸಬೇಕು. ಬೇಲಿಯನ್ನು ಕಂಡಾಗ ಅದರ ಒಳಗೆ ಬೆಳೆಯಿದೆಯೋ ಕಳೆಯಿದೆಯೋ ಎಂದು ನೋಡುವುದು ಒಕ್ಕಲಿಗನ ಕ್ರಮ. ಈ ಮಿತಿ ಯಾವುದನ್ನು ಕಾಯಲು ಹುಟ್ಟಿದ್ದು ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಅದಕ್ಕೆ ಮೊದಲು ಆಟದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಇಂದು ಹೆಚ್ಚಾಗಿ ಆಡುವ ಟೆಕ್ಸಸ್ ಹೋಲ್ಡೆಮ್ ಎಂಬ ಪೋಕರ್‌ನಲ್ಲಿ 52 ಇಸ್ಪೀಟೆಲೆಗಳ ಕಟ್ಟಿನಿಂದ ಪ್ರತಿಯೊಬ್ಬನಿಗೂ ಎರಡು ಎಲೆಗಳು ಗುಪ್ತವಾಗಿ ಬರುತ್ತವೆ. ಎಲ್ಲರಿಗೂ ಸಮಾನವಾದ ಐದು ಎಲೆಗಳನ್ನು ಮೇಜಿನ ಮೇಲೆ ತೆರೆದಿಡುತ್ತಾರೆ. ನಡುನಡುವೆ ಪಣವನ್ನು ಏರಿಸುತ್ತಾ ಹೋಗುತ್ತಾರೆ. ಅತಿ ಕೆಳಗಿನ ಮೇಜಿನಲ್ಲಿ ಕಡ್ಡಾಯವಾಗಿ ಇಡಬೇಕಾದ ಪಣ ಒಂದು ಮತ್ತು ಎರಡು ಸೆಂಟು. ಇವುಗಳಲ್ಲಿ ದೊಡ್ಡದಕ್ಕೆ ಬಿಗ್ ಬ್ಲೈಂಡ್ ಎಂದು ಹೆಸರು. ಸಾಮಾನ್ಯವಾಗಿ ನೂರು ಬಿಗ್ ಬ್ಲೈಂಡ್ ಹಣದೊಡನೆ ಮೇಜಿಗೆ ಕೂರುತ್ತಾರೆ. ಎಂದರೆ ಎರಡು ಡಾಲರ್. ಇದು ಒಂದು ಬೈ-ಇನ್. ಆಟಕ್ಕೆಂದೇ ತೆಗೆದಿಟ್ಟ ಒಟ್ಟು ಗಂಟಿಗೆ ಬ್ಯಾಂಕ್‌ರೋಲ್ ಎನ್ನುತ್ತಾರೆ. ಆ ಗಂಟು ಇಪ್ಪತ್ತರಿಂದ ಮೂವತ್ತು ಬೈ-ಇನ್‌ಗಳಷ್ಟಾದರೂ ಇರಬೇಕು, ಅಂದರೆ 40ರಿಂದ 60 ಡಾಲರ್; ಗಂಟು ಕರಗಿದರೆ ಇನ್ನೂ ಚಿಕ್ಕ ಪಣದ ಮೇಜಿಗೆ ಇಳಿಯಬೇಕು; ಬೆಳೆದರೆ ಮೇಲಿನ ಮೇಜಿಗೆ ಏರಬಹುದು. ಬಹುಮಾನವು ಕೆಲವರಿಗೆ ಮಾತ್ರ ಸಿಗುವ ಪಂದ್ಯಾವಳಿಗಳಿಗಾದರೆ ಐವತ್ತರಿಂದ ನೂರು ಪ್ರವೇಶಶುಲ್ಕಗಳಷ್ಟು ಹಣ ಬೇಕೆನ್ನುತ್ತಾರೆ. ಬ್ಯಾಂಕ್‌ರೋಲ್ ನಿರ್ವಹಣೆ ಎಂಬ ಶಾಸ್ತ್ರದ ಸಾರ ಇಷ್ಟೇ.

ಇಂತಹ ನಿಯಮ ಏಕೆ ಬೇಕಾಯಿತೆಂದರೆ ಈ ಆಟದಲ್ಲಿ ಸರಿಯಾಗಿ ಆಡಿದವನೂ ಸೋಲುತ್ತಾನೆ. ಒಬ್ಬನ ಕೈಯಲ್ಲಿ ಎರಡು ಎಕ್ಕ, ಎದುರಿನವನ ಕೈಯಲ್ಲಿ ಎರಡು ರಾಜ ಇದ್ದು, ಇಬ್ಬರೂ ಇದ್ದುದೆಲ್ಲವನ್ನೂ ಒಡ್ಡಿದರೆ ಎಕ್ಕದವನು ನೂರರಲ್ಲಿ ಸುಮಾರು 82 ಸಲ ಗೆಲ್ಲುತ್ತಾನೆ; ಉಳಿದ 18 ಸಲ, ಯಾವ ತಪ್ಪನ್ನೂ ಮಾಡದೆ, ಮೇಜಿನ ಮೇಲಿನ ಹಣವನ್ನೆಲ್ಲ ಕಳೆದುಕೊಳ್ಳುತ್ತಾನೆ. ಅಂತಹ ಸೋಲು ಒಂದರ ಹಿಂದೊಂದು ಬಂದರೂ ಗಂಟು ಬರಿದಾಗದಿರಲೆಂದು ಈ ವ್ಯವಸ್ಥೆ.

ಈ ಶಿಸ್ತಿನಲ್ಲಿ ಮೆಚ್ಚತಕ್ಕ ಅಂಶಗಳೇ ಇಲ್ಲವೆಂದು ಹೇಳುವುದು ಪ್ರಾಮಾಣಿಕವಾಗದು. ಒಂದೊಂದು ಫಲಕ್ಕೂ ಹಿಗ್ಗದೆ ಕುಗ್ಗದೆ ಇರುವುದನ್ನು ಅದು ಕಲಿಸುತ್ತದೆ. ಆಡಲು ತಕ್ಕದ್ದಲ್ಲದ ಎಲೆಗಳನ್ನು ಗಂಟೆಗಟ್ಟಲೆ ಕೆಳಗಿಡುತ್ತಲೇ ಕೂರುವ ಸಹನೆಯನ್ನು ಬೇಡುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಗಂಟು ಕರಗಿದಾಗ ನಾಚಿಕೆಪಡದೆ ಕೆಳಗಿನ ಮೇಜಿಗೆ ಇಳಿ ಎನ್ನುತ್ತದೆ. ವ್ಯಾಪಾರದಲ್ಲಿ ನಷ್ಟ ಕಂಡಾಗ ಅಂಗಡಿಯನ್ನು ಸಕಾಲದಲ್ಲಿ ಕಿರಿದು ಮಾಡುವ ಧೈರ್ಯ ನಮ್ಮ ವರ್ತಕರಲ್ಲಿ ಎಷ್ಟು ಮಂದಿಗೆ ಇದೆ? ನಾಲ್ಕು ಜನರೆದುರು ತಲೆ ತಗ್ಗಬಾರದೆಂದು ಸಾಲದ ಮೇಲೆ ಸಾಲ ಮಾಡಿ ಕೆಟ್ಟ ಮನೆತನಗಳನ್ನು ಎಲ್ಲ ಊರುಗಳಲ್ಲಿಯೂ ಕಾಣುತ್ತೇವೆ.

ಆ ಆಟಗಾರರು ಟಿಲ್ಟ್ ಎಂದು ಕರೆಯುವ ಒಂದು ಸ್ಥಿತಿಯೂ ಉಂಟು. ಸೋಲಿನ ಕೋಪದಲ್ಲಿ ವಿವೇಕ ತಪ್ಪಿ, ಹೋದದ್ದನ್ನು ಇಂದೇ ಈಗಲೇ ಮರಳಿ ಪಡೆಯಬೇಕೆಂದು ದೊಡ್ಡ ಪಣಕ್ಕೆ ಹಾರುವ ಸ್ಥಿತಿ ಅದು. ವ್ರತಭಂಗವನ್ನು ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂದು ನಮ್ಮ ಆಚಾರ್ಯರು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದ್ದಾರಷ್ಟೆ. ಮೊದಲು ಮನಸ್ಸಿನ ಶುದ್ಧಿ ಕೆಡುತ್ತದೆ. ಬಳಿಕ ಶೀಲದ ಬೇಲಿಯನ್ನು ದಾಟುತ್ತದೆ. ಆಮೇಲೆ ವಿಷಯದಲ್ಲಿ ತೊಡಗುತ್ತದೆ. ಕೊನೆಗೆ ಅದರಲ್ಲಿಯೇ ಮುಳುಗುತ್ತದೆ. ಟಿಲ್ಟ್‌ನ ವರ್ಣನೆಯನ್ನು ಓದಿದವರಿಗೆ ಈ ನಾಲ್ಕು ಮೆಟ್ಟಿಲುಗಳೂ ಅಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಎರಡೂ ಕಡೆಯವರು ಮನಸ್ಸಿನ ಚಾಂಚಲ್ಯವನ್ನು ಚೆನ್ನಾಗಿಯೇ ಬಲ್ಲರು.

ಇಷ್ಟರ ಮೇಲೆ ಲೆಕ್ಕಕ್ಕೆ ಬರೋಣ. ಇಪ್ಪತ್ತು, ಮೂವತ್ತು ಎಂಬ ಸಂಖ್ಯೆಗಳು ಎಲ್ಲಿಂದ ಬಂದವು? ನೂರು ಸುತ್ತುಗಳಿಗೆ ಸರಾಸರಿ ಐದು ಬಿಗ್ ಬ್ಲೈಂಡ್ ಗಳಿಸಬಲ್ಲ ಒಬ್ಬ ಸಮರ್ಥ ಆಟಗಾರನನ್ನು ಕಲ್ಪಿಸಿಕೊಳ್ಳಿ. ಆಟದ ಏರಿಳಿತದ ಅಳತೆ, ಗಣಿತಜ್ಞರು ಮಾನಕ ವಿಚಲನೆ ಎನ್ನುವುದು, ನೂರು ಸುತ್ತುಗಳಿಗೆ ತೊಂಬತ್ತು ಬಿಗ್ ಬ್ಲೈಂಡ್ ಎಂದಿಟ್ಟುಕೊಂಡರೆ, ಹತ್ತು ಬೈ-ಇನ್ ಗಂಟಿನವನು ಎಂದಾದರೊಂದು ದಿನ ಬರಿಗೈಯಾಗುವ ಸಂಭವ ನೂರಕ್ಕೆ 29. ಇಪ್ಪತ್ತು ಬೈ-ಇನ್ ಇದ್ದರೆ ಅದು ನೂರಕ್ಕೆ ಎಂಟೂವರೆಗೆ ಇಳಿಯುತ್ತದೆ, ಮೂವತ್ತಿದ್ದರೆ ಎರಡೂವರೆಗೆ. ಲೆಕ್ಕ ಸೊಗಸಾಗಿದೆ. ಆದರೆ ಅದರ ಮೊದಲ ಪದವನ್ನು ಗಮನಿಸಬೇಕು: ‘ಸಮರ್ಥ’. ಗಳಿಕೆಯ ಸರಾಸರಿಯು ಸೊನ್ನೆಯಾಗಿದ್ದರೆ ಅಥವಾ ಅದಕ್ಕಿಂತ ಕಡಿಮೆಯಾಗಿದ್ದರೆ ಇದೇ ಸೂತ್ರವು ಬೇರೆ ಉತ್ತರವನ್ನು ಕೊಡುತ್ತದೆ. ಆಗ ಇಪ್ಪತ್ತಲ್ಲ, ಇನ್ನೂರು ಬೈ-ಇನ್ ಇದ್ದರೂ ಆಡುತ್ತಲೇ ಇದ್ದವನು ಬರಿದಾಗುವುದು ನಿಶ್ಚಿತ; ಗಂಟು ದೊಡ್ಡದಾದಷ್ಟೂ ಆ ದಿನ ತಡವಾಗುತ್ತದೆ, ಅಷ್ಟೆ.

ತಾನು ಸಮರ್ಥನೋ ಅಲ್ಲವೋ ಎಂಬುದನ್ನು ಆತನು ತಿಳಿಯುವುದು ಹೇಗೆ? ಮೇಲಿನ ಸಮರ್ಥ ಆಟಗಾರನೇ ಹತ್ತು ಸಾವಿರ ಸುತ್ತುಗಳನ್ನು ಆಡಿದ ಮೇಲೆಯೂ ನಷ್ಟದಲ್ಲಿರುವ ಸಂಭವ ನೂರಕ್ಕೆ ಹೆಚ್ಚುಕಡಿಮೆ 29. ಗಂಟೆಗೆ ಎಪ್ಪತ್ತು ಸುತ್ತುಗಳಂತೆ, ದಿನಕ್ಕೆ ಎರಡು ಗಂಟೆ ಆಡಿದರೆ, ಹತ್ತು ಸಾವಿರ ಸುತ್ತುಗಳಿಗೆ ಎಪ್ಪತ್ತು ದಿನಕ್ಕೂ ಮಿಗಿಲಾಗಿ ಬೇಕು. ಇದೇ ಕಾರಣದಿಂದ ಅಸಮರ್ಥನೂ ತಿಂಗಳುಗಟ್ಟಲೆ ಲಾಭದಲ್ಲಿದ್ದು ತಾನು ಸಮರ್ಥನೆಂದು ನಂಬಬಹುದು. ಪ್ರಾಮಾಣಿಕವಾದ ಮಿತಿಗೆ ತನ್ನ ಸ್ಥಿತಿಯ ಅರಿವು ಆಧಾರವಾಗಿರಬೇಕು. ಈ ಮಿತಿಗೆ ಆಧಾರವಾಗಿರುವುದು ತನ್ನ ಮೇಲಿನ ಭರವಸೆ.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದ ಜಾನ್ ಕೆಲ್ಲಿ 1956ರಲ್ಲಿ ಪ್ರಕಟಿಸಿದ ಸೂತ್ರವೊಂದನ್ನು ಪಣದ ಲೆಕ್ಕದವರೆಲ್ಲ ಗೌರವಿಸುತ್ತಾರೆ. ಸಮಸಮ ಪಣದಲ್ಲಿ ಗೆಲ್ಲುವ ಸಂಭವ ನೂರಕ್ಕೆ 55 ಇದ್ದರೆ ಗಂಟಿನ ಹತ್ತನೆಯ ಒಂದು ಭಾಗವನ್ನು ಒಡ್ಡಬಹುದೆಂದು ಅದು ಹೇಳುತ್ತದೆ. ಸಂಭವ ನೂರಕ್ಕೆ ಐವತ್ತಾದರೆ ಅದು ಹೇಳುವ ಮೊತ್ತ ಸೊನ್ನೆ. ಈ ಸೂತ್ರದಲ್ಲಿ ಧರ್ಮಶಾಸ್ತ್ರದ ಮಾತೇ ಇಲ್ಲ. ಹಣ ಬೆಳೆಯುವುದೊಂದೇ ಅದರ ಗುರಿ. ಆದರೂ ಬಹುಮಂದಿಗೆ ಅದು ಕೊಡುವ ಸಲಹೆ ಮೇಜಿನಿಂದ ಏಳು ಎಂದೇ. ಏಕೆಂದರೆ ಮೇಜಿನ ಒಡೆಯನಾದ ಕಂಪನಿಯು ಪಣದ ಹಣದಿಂದ ರೇಕ್ ಎಂಬ ಹೆಸರಿನಲ್ಲಿ ನೂರಕ್ಕೆ ಮೂರೋ ಐದೋ ತೆಗೆದುಕೊಳ್ಳುತ್ತದೆ. ಆಟಗಾರರೆಲ್ಲರ ಗೆಲುವು ಸೋಲುಗಳನ್ನು ಕೂಡಿದರೆ ಮೊತ್ತ ಸೊನ್ನೆಯೂ ಅಲ್ಲ, ಸೊನ್ನೆಗಿಂತ ಕೆಳಗೆ.

ಎರಡು ಸೆಂಟಿನ ಆಟಕ್ಕೆ ಇಷ್ಟೊಂದು ವಿಚಾರ ಏಕೆ ಎನ್ನುವವರಿರಬಹುದು. ಗಳಿಕೆಯನ್ನೇ ನೋಡಿ: ನೂರು ಸುತ್ತಿಗೆ ಐದು ಬಿಗ್ ಬ್ಲೈಂಡ್ ಎಂದರೆ ಹತ್ತು ಸೆಂಟು; ಒಂದು ಮೇಜಿನಲ್ಲಿ ಗಂಟೆಗೆ ಏಳು ಸೆಂಟು; ನಮ್ಮ ಹಣದಲ್ಲಿ ಸುಮಾರು ಆರು ರೂಪಾಯಿ. ಸಮರ್ಥನ ಒಂದು ಗಂಟೆಯ ಏಕಾಗ್ರತೆಯ ಬೆಲೆ ಅರ್ಧ ಲೋಟ ಕಾಫಿ! ಇದಕ್ಕಾಗಿ ಯಾರೂ ಅಲ್ಲಿ ಕೂರುವುದಿಲ್ಲ. ಮೇಲಿನ ಮೇಜಿಗೆ ಏರುವ ಆಸೆಯಿಂದ ಕೂರುತ್ತಾರೆ. ಚಿಕ್ಕ ಪಣವೆಂಬುದು ನಿಲ್ಲುವ ಸ್ಥಳವಲ್ಲ, ಏಣಿಯ ಮೊದಲ ಮೆಟ್ಟಿಲು.

ಪರಿಮಾಣವ್ರತಕ್ಕೂ ಇದಕ್ಕೂ ಇರುವ ಮೊದಲನೆಯ ಭೇದ ಇಲ್ಲಿದೆ. ಇಷ್ಟು ಹೊಲ, ಇಷ್ಟು ಹೊನ್ನು ಎಂದು ಗೆರೆ ಎಳೆದ ಶ್ರಾವಕನು ಅದರಾಚೆಗಿನದರಲ್ಲಿ ನಿಃಸ್ಪೃಹನಾಗಿರಬೇಕು. ಸಂಪತ್ತು ಹೆಚ್ಚಿತೆಂದು ಗೆರೆಯನ್ನು ಮುಂದಕ್ಕೆ ಸರಿಸುವುದನ್ನು ವ್ರತದ ಪಾಲನೆಯೆಂದು ಯಾರೂ ಹೇಳಲಾರರು. ಬ್ಯಾಂಕ್‌ರೋಲಿನ ಮಿತಿಯಾದರೋ ಶೇಕಡಾ ಲೆಕ್ಕದ ಮಿತಿ. ಗಂಟು ಬೆಳೆದಂತೆ ತಾನೂ ಬೆಳೆಯುತ್ತದೆ. ಬೆಳೆಯಬೇಕೆಂಬುದೇ ಅದರ ಉದ್ದೇಶ.

ಈ ಏಣಿಯ ಪ್ರಸಿದ್ಧ ಉದಾಹರಣೆ ಅಮೆರಿಕದ ಕ್ರಿಸ್ ಫರ್ಗುಸನ್. ಗಣಕವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು. 2000ದಲ್ಲಿ ಪೋಕರ್‌ನ ವಿಶ್ವ ಸರಣಿಯ ಮುಖ್ಯ ಪಂದ್ಯವನ್ನು ಗೆದ್ದವರು. 2006ರಲ್ಲಿ ಅವರು ಫುಲ್ ಟಿಲ್ಟ್ ಪೋಕರ್ ಎಂಬ ಜಾಲತಾಣದಲ್ಲಿ ಬರಿಗೈಯಿಂದ ಆರಂಭಿಸಿದರು. ಶುಲ್ಕವಿಲ್ಲದ ಪಂದ್ಯಗಳಲ್ಲಿ ಗೆದ್ದ ಚಿಲ್ಲರೆ ಹಣವನ್ನೇ ಬೆಳೆಸಿ 2007ರಲ್ಲಿ ಹತ್ತು ಸಾವಿರ ಡಾಲರ್ ಮುಟ್ಟಿದರು. ಸಾಮಾನ್ಯ ಮೇಜಿಗೆ ಗಂಟಿನ ನೂರಕ್ಕೆ ಐದಕ್ಕಿಂತ ಹೆಚ್ಚನ್ನು ಒಯ್ಯಬಾರದು, ದೊಡ್ಡ ಪಂದ್ಯಾವಳಿಗೆ ನೂರಕ್ಕೆ ಎರಡಕ್ಕಿಂತ ಹೆಚ್ಚನ್ನು ಕೊಡಬಾರದು, ಮೇಜಿನ ಮೇಲಿನ ಹಣ ಗಂಟಿನ ನೂರಕ್ಕೆ ಹತ್ತನ್ನು ಮೀರಿದರೆ ಎದ್ದುಬಿಡಬೇಕು ಎಂಬ ಅವರ ನಿಯಮಗಳನ್ನು ಇಂದಿಗೂ ಚಿಕ್ಕ ಪಣದವರು ಪಾಠದಂತೆ ಓದುತ್ತಾರೆ.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಫರ್ಗುಸನ್ ಆ ಕಂಪನಿಯ ಆಡಳಿತ ಮಂಡಳಿಯಲ್ಲಿಯೂ ಇದ್ದರು. 2011ರ ಏಪ್ರಿಲ್‌ನಲ್ಲಿ ಅಮೆರಿಕದ ಸರ್ಕಾರವು ಮೊಕದ್ದಮೆ ಹೂಡಿ ಕಂಪನಿಯ ವ್ಯವಹಾರವನ್ನು ತಡೆಯಿತು. ಅದೇ ಸೆಪ್ಟೆಂಬರ್‌ನಲ್ಲಿ ಸಲ್ಲಿಸಿದ ತಿದ್ದುಪಡಿ ದೂರಿನಲ್ಲಿ ಸರ್ಕಾರ ಆರೋಪಿಸಿದಂತೆ, ಮಾರ್ಚ್ ಕೊನೆಗೆ ಕಂಪನಿಯು ಜಗತ್ತಿನ ಆಟಗಾರರಿಗೆ ಕೊಡಬೇಕಾಗಿದ್ದುದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿ ಇದ್ದುದು ಸುಮಾರು 6 ಕೋಟಿ. ಅದಕ್ಕೆ ಹಿಂದಿನ ನಾಲ್ಕು ವರ್ಷಗಳಲ್ಲಿ ಮಂಡಳಿಯವರಿಗೂ ಒಡೆಯರಿಗೂ 40 ಕೋಟಿ ಡಾಲರಿಗೂ ಮಿಗಿಲಾಗಿ ಹಂಚಿಕೆಯಾಗಿತ್ತೆಂದೂ ದೂರಿನಲ್ಲಿತ್ತು. ಫರ್ಗುಸನ್ ದೋಷವನ್ನು ಒಪ್ಪಿಕೊಳ್ಳದೆ 2013ರಲ್ಲಿ ರಾಜಿ ಮಾಡಿಕೊಂಡರು. ಅಮೆರಿಕದ ಆಟಗಾರರಿಗೆ ಹಣ ಮರಳತೊಡಗಿದ್ದು 2014ರಲ್ಲಿ. ವ್ಯಕ್ತಿಯ ದೋಷನಿರ್ಣಯ ನಮ್ಮ ಕೆಲಸವಲ್ಲ. ಆದರೆ ನೂರಕ್ಕೆ ಐದರ ನಿಯಮವನ್ನು ಶ್ರದ್ಧೆಯಿಂದ ಪಾಲಿಸಿದ ಸಾವಿರಾರು ಮಂದಿಯ ಗಂಟಿನ ನೂರಕ್ಕೆ ನೂರೂ ಒಂದೇ ಪೆಟ್ಟಿಗೆಯಲ್ಲಿತ್ತು. ಅದರ ಬೀಗದ ಕೈ ಅವರ ಹತ್ತಿರ ಇರಲಿಲ್ಲ.

ಈವರೆಗೆ ಹೇಳಿದ್ದು ಆಡುವವನ ಹಿತದ ಮಾತು. ನೀತಿಯ ಪ್ರಶ್ನೆ ಮುಖ್ಯವಾಗಿ ಎದುರಿಗೆ ಕುಳಿತವನದು.

ರೇಕ್ ಕಳೆದ ಮೇಲೆಯೂ ಒಬ್ಬನು ಲಾಭದಲ್ಲಿರಬೇಕಾದರೆ ಅವನಿಗಿಂತ ಕೆಟ್ಟದಾಗಿ ಆಡುವವನು ಮೇಜಿನಲ್ಲಿ ಇರಲೇಬೇಕು. ಆದ್ದರಿಂದ ಈ ಶಿಸ್ತಿನ ಇನ್ನೊಂದು ಪಾಠವೇ ಮೇಜಿನ ಆಯ್ಕೆ: ದುರ್ಬಲರು ಹೆಚ್ಚಾಗಿರುವ ಮೇಜನ್ನು ಹುಡುಕಿ ಕೂರು. ಅಂತಹ ದುರ್ಬಲನಿಗೆ ಪೋಕರ್‌ನವರ ಭಾಷೆಯಲ್ಲಿ ‘ಫಿಶ್’ ಎಂದು ಹೆಸರು, ಮೀನು. ಸಮರ್ಥನಿಗೆ ‘ಶಾರ್ಕ್’. ಬಲೆ ಬೀಸುವ ಕಸುಬನ್ನು ತಲೆತಲಾಂತರದಿಂದ ದೂರವಿಟ್ಟ ಮನೆತನದ ಹುಡುಗನು ಪರದೆಯ ಮುಂದೆ ಕುಳಿತು, ಇಂದು ಒಳ್ಳೆಯ ಮೀನು ಸಿಕ್ಕಿತೆಂದು ಗೆಳೆಯನಿಗೆ ಹೇಳುವಾಗ, ಆ ಪದವು ಅವನ ಕಿವಿಗೆ ತಾಗದೆ ಹೋಗುವುದು ಆಶ್ಚರ್ಯ.

ಸೋಲುವವನೂ ಸ್ವಇಚ್ಛೆಯಿಂದ ಬಂದವನಲ್ಲವೆ, ಎರಡು ಡಾಲರ್ ಕಳೆದರೆ ಅವನಿಗೆ ಒಂದು ಸಿನಿಮಾ ನೋಡಿದಂತೆಯಲ್ಲವೆ ಎಂಬ ಸಮಾಧಾನವಿದೆ. ಹಲವರ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ಪರದೆಯ ಮೇಲೆ ಕಾಣುವುದು ಒಂದು ಅಡ್ಡಹೆಸರು, ಒಂದು ಸಂಖ್ಯೆ. ವಿನೋದಕ್ಕೆ ಎರಡು ಡಾಲರ್ ಕಳೆದು ನಿದ್ರೆಗೆ ಹೋಗುವವನೂ, ಆ ರಾತ್ರಿ ಹತ್ತನೆಯ ಸಲ ಎರಡು ಡಾಲರ್ ತುಂಬುತ್ತಿರುವವನೂ ಅಲ್ಲಿ ಒಂದೇ ರೀತಿ ಕಾಣುತ್ತಾರೆ. ಹಳ್ಳಿಯ ಅಂಗಡಿಯವನಿಗೆ ಗಿರಾಕಿಯ ಮನೆ ಗೊತ್ತು. ‘ಸಾಕು, ಉದ್ದರಿ ಬೆಳೆಯಿತು’ ಎಂದು ಹೇಳಬಲ್ಲ. ಇಲ್ಲಿ ಹೇಳಲು ದಾರಿಯೂ ಇಲ್ಲ, ಹೇಳುವುದರಿಂದ ಲಾಭವೂ ಇಲ್ಲ. ಎದುರಿನವನು ಟಿಲ್ಟ್‌ಗೆ ಬಿದ್ದ ಗಳಿಗೆಯೇ ಶಿಸ್ತಿನವನ ಸುಗ್ಗಿ. ತನ್ನಲ್ಲಿ ಯಾವ ಸ್ಥಿತಿಯನ್ನು ರೋಗವೆಂದು ಭಯಪಡುತ್ತಾನೋ ಅದನ್ನೇ ಪರರಲ್ಲಿ ಹಾರೈಸಬೇಕಾಗುತ್ತದೆ. ಬ್ಯಾಂಕ್‌ರೋಲಿನ ಮಿತಿ ಕಾಯುವುದು ಆಡುವವನ ಗಂಟನ್ನು, ಅದರ ಮೂಲಕ ಆಟದ ಮುಂದುವರಿಕೆಯನ್ನು. ಎದುರಿನವನ ಸುತ್ತ ಅದು ಯಾವ ಬೇಲಿಯನ್ನೂ ಕಟ್ಟುವುದಿಲ್ಲ.

ಇದು ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂಬ ಸಮರ್ಥನೆಯನ್ನೂ ನೋಡಬೇಕು. ನಮ್ಮ ದೇಶದ ನ್ಯಾಯಾಲಯಗಳಲ್ಲಿ ಈ ಭೇದಕ್ಕೆ ಬಹುಕಾಲ ಬೆಲೆಯಿತ್ತು. ಆನ್‌ಲೈನ್ ಪಣದಾಟಗಳನ್ನು ನಿಷೇಧಿಸಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ನಮ್ಮ ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯಾದರೋ ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣದಾಟಗಳನ್ನೆಲ್ಲ ಒಟ್ಟಿಗೆ ನಿಷೇಧಿಸಿತು. ಶಿಕ್ಷೆಯನ್ನು ಆಡುವವನಿಗಲ್ಲದೆ ಆಡಿಸುವವನಿಗೆ ಇಟ್ಟಿತು. ಕಾನೂನಿನ ಮಾತು ಹಾಗಿರಲಿ. ನೀತಿಯ ದೃಷ್ಟಿಯಿಂದ ಕೌಶಲದ ವಾದವು ವಾದಿಗೇ ತಿರುಗಿ ಬೀಳುತ್ತದೆ. ಶುದ್ಧ ಅದೃಷ್ಟದ ಆಟದಲ್ಲಿ ಇಬ್ಬರೂ ಸಮಾನರು. ಯಾರೂ ಯಾರನ್ನೂ ಅರಿತು ಬರಿದುಮಾಡಿದಂತಾಗುವುದಿಲ್ಲ. ಕೌಶಲವುಂಟೆಂದಾದರೆ, ಅದಿಲ್ಲದವನಿಂದ ಅದುಳ್ಳವನು ತಿಳಿದೂ ತಿಳಿದೂ ತೆಗೆದುಕೊಂಡಂತಾಯಿತು.

ವಕೀಲನೂ ವರ್ತಕನೂ ಕೌಶಲದಿಂದಲೇ ಗಳಿಸುವುದಿಲ್ಲವೆ ಎಂದರೆ, ಗಳಿಸುತ್ತಾರೆ. ಆದರೆ ಅಕ್ಕಿ ಕೊಂಡವನು ಅಕ್ಕಿಯನ್ನು ಮನೆಗೆ ಒಯ್ಯುತ್ತಾನೆ. ವರ್ತಕನ ಲಾಭಕ್ಕೆ ಅವನ ಊಟವು ಸಾಕ್ಷಿ. ಪೋಕರ್ ಮೇಜಿನಲ್ಲಿ ಒಂದು ದಿಕ್ಕಿಗೆ ಹಣ ಹೋಗುತ್ತದೆ. ಎದುರಾಗಿ ಬರುವುದು ಏನೂ ಇಲ್ಲ. ಈ ಮಾತನ್ನು ಮಕ್ಕಳಿಗೆ ಹೇಳುವ ಹಿರಿಯರು ತಮ್ಮ ಷೇರು ಲೆಕ್ಕದ ಪುಸ್ತಕವನ್ನೂ ಒಮ್ಮೆ ತೆರೆದು ನೋಡುವುದು ಒಳಿತು. ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದಲ್ಲಿ 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ನೂರಕ್ಕೆ 93 ಮಂದಿ ಬಿಡಿ ವ್ಯವಹಾರಸ್ಥರು ಹಣ ಕಳೆದುಕೊಂಡರೆಂದು ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿತು. ಬೆಳೆಯ ಬೆಲೆ ಕುಸಿದೀತೆಂದು ಮುಂಗಡ ಒಪ್ಪಂದ ಮಾಡಿಕೊಳ್ಳುವ ಉತ್ಪಾದಕನ ವಿಷಯ ಬೇರೆ. ವಾರದ ಕೊನೆಯ ಸೂಚ್ಯಂಕದ ಮೇಲೆ ಪಣವಿಡುವ ಮಾವನಿಗೂ ಎರಡು ಸೆಂಟಿನ ಮೇಜಿನಲ್ಲಿರುವ ಅಳಿಯನಿಗೂ ನಡುವೆ ಬಹಳ ಅಂತರವಿದೆಯೆಂದು ನನಗೆ ತೋರುವುದಿಲ್ಲ. ಹೇಳಹೋದರೆ, ಅಳಿಯನು ಮಿತಿಯನ್ನಾದರೂ ಹಾಕಿಕೊಂಡಿದ್ದಾನೆ.

ಬಸದಿಗಳ ಆಡಳಿತದವರಿಗೆ ಸಂಬಂಧಿಸಿದ ಮಾತೊಂದು ಉಳಿದಿದೆ. ಇಂತಹ ಗೆಲುವಿನಲ್ಲಿ ಒಂದು ಪಾಲನ್ನು ಯಾರಾದರೂ ಜೀರ್ಣೋದ್ಧಾರಕ್ಕೋ ಆಹಾರದಾನಕ್ಕೋ ತಂದುಕೊಟ್ಟರೆ ಸ್ವೀಕರಿಸಬಹುದೆ? ಸದ್ಗೃಹಸ್ಥನ ಗುಣಗಳನ್ನು ಎಣಿಸುವಾಗ ಆಶಾಧರರೂ ಹೇಮಚಂದ್ರರೂ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲಿಗೆ ಇಟ್ಟಿದ್ದಾರೆ. ದಾನದ ಮಾತು ಅದರ ನಂತರದ್ದು. ಆಡುತ್ತಲೇ ಇರುವವನು ತಿಂಗಳುತಿಂಗಳಿಗೆ ನೂರಕ್ಕೆ ಹತ್ತು ತಂದಿಟ್ಟರೆ, ಕಂಪನಿಯ ರೇಕ್‌ನ ಪಕ್ಕದಲ್ಲಿ ಬಸದಿಯದೂ ಒಂದು ರೇಕ್ ಆಯಿತು. ಅದನ್ನು ಪಡೆಯಬಾರದೆಂದೇ ನನ್ನ ಅಭಿಪ್ರಾಯ. ಇನ್ನೊಬ್ಬನು ಆಟವನ್ನು ಬಿಟ್ಟು, ಖಾತೆಯನ್ನು ಮುಚ್ಚಿ, ಉಳಿದ ಗಂಟನ್ನು ಮೂಲನಿಧಿಯ ಸಹಿತ ತಂದು ಮುಂದಿಟ್ಟರೆ ಅದು ಬೇರೆ. ಯಾರಿಂದ ಬಂತೋ ಅವರಿಗೆ ಮರಳಿಸಲು ಅವನಿಗೆ ದಾರಿಯಿಲ್ಲ. ಆ ಅಡ್ಡಹೆಸರುಗಳ ಹಿಂದಿನ ಮನುಷ್ಯರು ಯಾರೆಂದು ಅವನಿಗೆ ತಿಳಿಯದು. ಅಂತಹ ಹಣವನ್ನು ಅಭಿಷೇಕಕ್ಕೂ ಶಿಲಾಫಲಕಕ್ಕೂ ಬಳಸದೆ, ಸಾಲದಲ್ಲಿ ಸಿಕ್ಕಿಕೊಂಡ ಯಾವುದಾದರೂ ಮನೆಯ ಮಕ್ಕಳ ಶಾಲೆಯ ಶುಲ್ಕಕ್ಕೆ ಕೊಟ್ಟು, ರಸೀದಿಯಲ್ಲಿ ದಾನಿಯ ಹೆಸರಿನ ಜಾಗವನ್ನು ಖಾಲಿ ಬಿಡಬಹುದು.